ಗೋಡೆಗೆ ಹೇಳಿದ ಉತ್ತರ

ನನ್ನ ಬಾಯಿ ಜೋರು ಎಂಬುದು ಇಡೀ ಶಾಲೆಗೆ ಗೊತ್ತಿರುವ ಸಂಗತಿ. ಸೀಮೆಸುಣ್ಣ ಕೊಡುವುದಕ್ಕೂ ಮೂಗು ಮುರಿಯುವ ಗುಮಾಸ್ತನ ಜೊತೆ, ಮಗುವಿನ ಕಿವಿ ಹಿಂಡಿದ ಗಣಿತದ ಮೇಷ್ಟರ ಜೊತೆ, ನಿಲ್ದಾಣ ಬಿಟ್ಟು ಮುಂದೆ ಹೋಗಿ ನಿಲ್ಲಿಸುವ ಬಸ್ ಡ್ರೈವರನ ಜೊತೆ ಜಗಳ ಆಡಿದ್ದೇನೆ, ಗೆದ್ದೂ ಇದ್ದೇನೆ. ಹಿಂದಿನಿಂದ ನನ್ನನ್ನು ಮೆಣಸಿನಕಾಯಿ ಮಿಸ್ ಅನ್ನುತ್ತಾರೆ. ಅಂದುಕೊಳ್ಳಲಿ. ಆದರೆ ಮೂರು ಜನ ಮೇಜಿನ ಆಚೆ ಸಾಲಾಗಿ ಕೂತು, ಒಂದು ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಾಗಿ ನನ್ನ ಮುಖವನ್ನೇ ನೋಡತೊಡಗಿದರೆ ಸಾಕು, ಈ ಬಾಯಿಗೆ ಬೀಗ ಬೀಳುತ್ತದೆ. ಗೊತ್ತಿದ್ದದ್ದೆಲ್ಲ ಎಲ್ಲಿಗೋ ಹಾರಿಹೋಗುತ್ತದೆ. ಚಿಕ್ಕಂದಿನಿಂದಲೂ ಹೀಗೆಯೇ. ಯಾಕೆ ಅಂತ ಮಾತ್ರ ಕೇಳಬೇಡಿ. ಗೊತ್ತಿದ್ದಿದ್ದರೆ ಇಷ್ಟು ವರ್ಷ ತಾತ್ಕಾಲಿಕ ಶಿಕ್ಷಕಿಯಾಗಿಯೇ ಕೊಳೆಯುತ್ತಿರಲಿಲ್ಲ.

ನನ್ನ ಕ್ಲಾಸು ಇರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೊದಲು ಅಲ್ಲಿ ಕಾಲು ಮುರಿದ ಬೆಂಚುಗಳನ್ನು ತುಂಬಿದ್ದರು. ಆಮೇಲೆ ಬೆಂಚು ಆಚೆ ಹಾಕಿ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ತುಂಬಿದರು. ಒಂದು ಕಡೆ ಸೂರು ಇಳಿಜಾರು, ನಾನೇ ತಲೆ ಬಗ್ಗಿಸಿ ನಡೆಯಬೇಕು. ಒಂದೇ ಒಂದು ಸಣ್ಣ ಕಿಟಕಿ. ಗಂಟೆ ಹೊಡೆದರೆ ಇಡೀ ಶಾಲೆ ನಮ್ಮ ತಲೆಯ ಮೇಲೇ ಧಡಧಡ ಇಳಿದುಹೋಗುತ್ತದೆ, ಸುಣ್ಣದ ಪುಡಿ ಪುಸ್ತಕದ ಮೇಲೆ ಉದುರುತ್ತದೆ. ಆದರೂ ಆ ಕೋಣೆ ಅಂದರೆ ನನಗೆ ಪ್ರಾಣ. ಅಲ್ಲಿ ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ.

ಗುಮ್ಮಿ ಆ ಕೋಣೆಗೆ ಬಂದಾಗ ಅವಳಿಗೆ ಆ ಹೆಸರಿರಲಿಲ್ಲ. ಮೇಲಿನ ಮಹಡಿಯ ಟೀಚರ್ ಅವಳ ಭುಜ ಹಿಡಿದು ಕರೆತಂದು, "ತಗೊಳ್ಳಿ, ಇದೊಂದು ಗುಮ್ಮನಗುಸುಕಿ. ಬಾಯಿ ಬಿಟ್ಟರೆ ನನಗೂ ಬಂದು ಹೇಳಿ, ಸಂತೋಷಪಡ್ತೀನಿ," ಎಂದು ಬಾಗಿಲಲ್ಲೇ ಬಿಟ್ಟುಹೋದಳು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮಕ್ಕಳಿಗೆ ಮಾತ್ರ ಆ ಪದ ಇಷ್ಟವಾಗಿಬಿಟ್ಟಿತು. ಎರಡೇ ದಿನದಲ್ಲಿ ಅದನ್ನು ಕತ್ತರಿಸಿ ಗುಮ್ಮಿ ಮಾಡಿ, ಬೆಂಚಿನಲ್ಲಿ ಜಾಗ ಕೊಟ್ಟು ಕೂರಿಸಿಕೊಂಡರು. ಅವಳ ಪಕ್ಕಕ್ಕೆ ಕೂತವಳು ಬಾಯಿಬಡುಕಿ. ಬೆಳಗಿನಿಂದ ಸಂಜೆಯವರೆಗೆ ವಟವಟ ಅನ್ನುತ್ತಾಳೆ, ಕೂಡಿಸು ಎಂದರೆ ಮಾತ್ರ ನೀರು ಕುಡಿಯಲು ಓಡುತ್ತಾಳೆ. ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು.

ಗುಮ್ಮಿಗೆ ಓದಲು ಬರುವುದಿಲ್ಲ ಎಂದೇ ನಾನೂ ತಿಳಿದಿದ್ದೆ. ಒಂದು ದಿನ ಉಳಿದವರೆಲ್ಲ ಕೈ ತೊಳೆಯಲು ಹೋಗಿದ್ದರು. ನಾನು ಬೋರ್ಡಿನ ಮೇಲೆ ಮರುದಿನದ ಪಾಠ ಬರೆಯುತ್ತಿದ್ದೆ. ಹಿಂದಿನಿಂದ ಇರುವೆ ಹರಿದಷ್ಟು ಸಣ್ಣ ದನಿಯೊಂದು ನಾನು ಬರೆದದ್ದನ್ನೇ ಓದುತ್ತಿತ್ತು. ತಡವರಿಸುತ್ತಿತ್ತು, ಆದರೆ ಓದುತ್ತಿತ್ತು. ಖುಷಿಯಿಂದ ಗಕ್ಕನೆ ತಿರುಗಿದೆ. ಗುಮ್ಮಿಯ ತುಟಿ ಹೊಲಿದ ಹಾಗೆ ಮುಚ್ಚಿಕೊಂಡಿತು, ಕಣ್ಣು ನೆಲಕ್ಕೆ ಬಿತ್ತು. ಅವಳ ಮುಖ ನೋಡಿದಾಗ ನನಗೆ ಅರ್ಥವಾಗಿಹೋಯಿತು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಸಂಕಟ. ಮತ್ತೆ ಬೋರ್ಡಿಗೆ ಮುಖ ಮಾಡಿ ನಿಂತೆ. ಬಹಳ ಹೊತ್ತು ಹಾಗೇ ನಿಂತಿದ್ದ ಮೇಲೆ ದನಿ ಮತ್ತೆ ಬಂತು.

ಅಂದಿನಿಂದ ನಮ್ಮ ಕೋಣೆಗೆ ಒಂದು ಕಾನೂನು ಬಂತು. ಓದುವವರು ಓದಬೇಕು, ಕೇಳುವವರು ಗೋಡೆ ನೋಡಬೇಕು. ಓದುವವರು 'ಆಯ್ತು' ಅನ್ನುವ ತನಕ ಯಾರೂ ತಿರುಗುವ ಹಾಗಿಲ್ಲ, ಸೂರು ಬಿದ್ದರೂ ಸರಿ. ಮಿಸ್‌ಗೂ ಅದೇ ಕಾನೂನು. ನಾನು ಗುಮ್ಮಿಯ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೆ, ನೀನು ಆಯ್ತು ಅನ್ನೋವರೆಗೂ ತಿರುಗಲ್ಲ ಅಂತ.

ಗೋಡೆ ನೋಡುತ್ತ ನಿಂತು ನಿಂತು ನನ್ನ ಕಿವಿ ಚುರುಕಾಯಿತು. ಯಾರು ಬೆರಳಿಟ್ಟು ಓದುತ್ತಿದ್ದಾರೆ, ಯಾರು ಸಾಲು ಹಾರಿಸಿದರು, ಯಾರಿಗೆ ಇನ್ನೇನು ಅಳು ಬರುವುದರಲ್ಲಿದೆ, ಎಲ್ಲ ತಿರುಗದೆಯೇ ಗೊತ್ತಾಗುತ್ತಿತ್ತು. ನನ್ನ ಕಿವಿಗೆ ತಪ್ಪಿಸಿ ಈ ಕೋಣೆಯಲ್ಲಿ ಒಂದು ನೊಣ ಕೂಡ ಆಚೆ ಹೋಗಲಾರದು ಎಂದು ಮಕ್ಕಳ ಮುಂದೆ ಜಂಭ ಕೊಚ್ಚಿಕೊಳ್ಳುತ್ತಿದ್ದೆ. ಅವರು ನಂಬಿದ್ದರು. ನಾನೂ ನಂಬಿದ್ದೆ.

ಹೀಗಿರುವಾಗ ದೊಡ್ಡ ಮೇಡಂ ಕರೆಸಿದರು. ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ನಾವೆಲ್ಲ ಹಾಗೆಯೇ ಕರೆಯುವುದು. ಕೆಟ್ಟವರಲ್ಲ. ಯಾರ ಜೊತೆಯೂ ಜಗಳ ಬೇಡ ಎನ್ನುವ ಜಾತಿ, ಅಷ್ಟೆ.

"ಒಳ್ಳೆ ಸುದ್ದಿ ಇದೆ," ಎಂದರು. "ನಿಮ್ಮ ಕೋಣೆಗೆ ಖಾಯಂ ಹುದ್ದೆ ಮಂಜೂರಾಗಿದೆ. ಆದ್ರೆ ಸಂದರ್ಶನ ಮಾಡ್ಲೇಬೇಕಂತೆ."

"ನಾನು ಮಾಡ್ತಿರೋ ಕೆಲಸಕ್ಕೆ ನನ್ನನ್ನೇ ಸಂದರ್ಶನ ಮಾಡ್ತಾರಾ ಮೇಡಂ?"

"ನಿಯಮ ಕಣ್ರೀ. ಬೇರೆಯವರೂ ಅರ್ಜಿ ಹಾಕಿದಾರೆ. ಆದ್ರೆ ಯಾರಿಗಿದೆ ನಿಮ್ಮಷ್ಟು ಅನುಭವ? ಬಂದು ನಾಲ್ಕು ಮಾತಾಡಿ, ಸಾಕು."

ನಾಲ್ಕು ಮಾತು! "ಯಾರೂ ಸರಿಹೋಗದಿದ್ರೆ ಏನಾಗುತ್ತೆ?" ಎಂದು ಕೇಳಿದೆ.

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. "ಕೋಣೆ ಮುಚ್ತಾರೆ. ಮಕ್ಕಳು ಅವರವರ ಕ್ಲಾಸಿಗೆ ವಾಪಸ್ ಹೋಗ್ತಾರೆ. ಆಡಳಿತ ಮಂಡಳಿ ಕಾರ್ಯದರ್ಶಿಗಳು ಯಾವಾಗಿಂದ್ಲೋ ಹೇಳ್ತಾನೇ ಇದಾರೆ, ಆ ಜಾಗ ಜೆರಾಕ್ಸ್ ಮೆಷಿನ್ನಿಗೆ ಬೇಕು ಅಂತ. ನೀವು ಹೆದರಬೇಡಿ, ಹಾಗೆಲ್ಲ ಆಗಲ್ಲ."

ಮುಂದಿನ ವರ್ಷಕ್ಕೆ ನನ್ನ ವಯಸ್ಸು ಮೀರುತ್ತದೆ, ಆಮೇಲೆ ಅರ್ಜಿ ಹಾಕುವ ಹಾಗೂ ಇಲ್ಲ. ಆದರೆ ಅವತ್ತು ಮೆಟ್ಟಿಲಿಳಿದು ಬರುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನನ್ನ ವಯಸ್ಸಲ್ಲ. ಮೇಲಿನ ಆ ದೊಡ್ಡ ಕ್ಲಾಸು. ಅಷ್ಟೂ ತಲೆಗಳು ಒಟ್ಟಿಗೆ ತಿರುಗಿ ಗುಮ್ಮಿಯನ್ನು ನೋಡುವುದು. ಮೇಜಿಗೆ ಕೋಲು ಕುಟ್ಟಿ, 'ಏಳೇ, ಓದೇ' ಅನ್ನುವುದು. ದೇವರೇ, ಈ ಒಂದು ಸಲ ನನ್ನ ಬಾಯಿ ಬಿಡಿಸಪ್ಪ ಎಂದು ಬೇಡಿಕೊಂಡೆ.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅಕ್ಕನಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನವಿಡೀ ನಿಂತು, ಗುರುತು ಪರಿಚಯ ಇಲ್ಲದವರ ಮುಖ ನೋಡಿ ನಗುತ್ತಾ ಮಾತಾಡಿಯೇ ಅವಳ ಹೊಟ್ಟೆ ತುಂಬಬೇಕು. ಸುದ್ದಿ ಕೇಳಿದ್ದೇ ಚಪ್ಪಲಿ ಬಿಡುವ ಮೊದಲೇ ಸೊಂಟ ಕಟ್ಟಿ ನಿಂತಳು. ಫೋನಿನಲ್ಲಿ ಶಿಕ್ಷಕರ ಸಂದರ್ಶನದ ಪ್ರಶ್ನೆಗಳನ್ನು ಹುಡುಕಿ ತೆಗೆದಳು. ಅಡುಗೆಮನೆಯ ಸಣ್ಣ ಮೇಜಿನ ಆ ಕಡೆ ಕೂತು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ದನಿ ದಪ್ಪ ಮಾಡಿ ಕೇಳಿದಳು.

"ಕಲಿಕೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗೆ ನೀವು ಹೇಗೆ ನೆರವಾಗ್ತೀರಿ?"

ನನಗೆ ನಗು ಬಂತು. ಆಮೇಲೆ ಅವಳು ನಗದೆ ನನ್ನನ್ನೇ ನೋಡುತ್ತಾ ಕೂತಳು. ನಗು ಹೋಯಿತು. ಮಾತೂ ಹೋಯಿತು. ನನ್ನ ಅಕ್ಕ! ಮೂಗು ಒರೆಸಿ ಬೆಳೆಸಿದ ಅಕ್ಕನ ಮುಂದೆ ನಾನು ಕಲ್ಲಾಗಿ ಕೂತೆ.

"ಹೇಳೇ," ಎಂದಳು.

"ಹೇಳ್ತೀನಿ, ಹಾಗೆ ನೋಡಬೇಡ."

"ನೋಡದೆ? ಅವರೇನು ಕಣ್ಣು ಮುಚ್ಕೊಂಡು ಕೂರ್ತಾರಾ? ಗಿರಾಕಿ ನಿನ್ನನ್ನ ನೋಡಿದ್ರೆ ನೀನು ಗಿರಾಕಿ ಹಣೆ ನೋಡು. ಕಣ್ಣು ಬೇಡ, ಹಣೆ ನೋಡು. ಅಷ್ಟೇ ಗುಟ್ಟು."

ಅವಳ ಹಣೆ ನೋಡಿದೆ. ಹಣೆಯೂ ನನ್ನನ್ನು ನೋಡಿತು. ಸಿಟ್ಟು ನೆತ್ತಿಗೇರಿ ಕೈಯಲ್ಲಿದ್ದ ಚಮಚವನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಬಿಸಾಡಿ ಎದ್ದುಹೋದೆ. ಅಕ್ಕ ಎದ್ದಳು. ಚಮಚ ಎತ್ತಿ ತೊಳೆದಿಟ್ಟಳು.

ಮರುದಿನ ನನ್ನ ಮುಖ ನೋಡಿಯೇ ಮಕ್ಕಳಿಗೆ ಗೊತ್ತಾಯಿತು. ಅವರ ಹತ್ತಿರ ಮುಚ್ಚಿಡಲು ನನಗೆ ಬರುವುದಿಲ್ಲ. ಪರೀಕ್ಷೆ ಇದೆ, ನನಗೂ ಮಾತು ಬರುತ್ತಿಲ್ಲ ಎಂದೆ. ಬಾಯಿಬಡುಕಿ ಬೆಂಚಿನಿಂದ ಜಿಗಿದೆದ್ದಳು.

"ಅಷ್ಟೇನಾ ಮಿಸ್? ನಾವೇ ಪರೀಕ್ಷೆ ಮಾಡ್ತೀವಿ. ನಾನು ಕಾರ್ಯದರ್ಶಿ!" ಎಂದು ನನ್ನ ಕುರ್ಚಿ ಎಳೆದುಕೊಂಡು ಕೂತು ಹೊಟ್ಟೆ ಮುಂದೆ ಮಾಡಿದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಆಮೇಲೆ, ಯಾರೂ ಹೇಳದೆಯೇ, ಎಲ್ಲರೂ ಗೋಡೆಗೆ ತಿರುಗಿ ಕೂತರು. ಕಾರ್ಯದರ್ಶಿ ಕೂಡ ಕುರ್ಚಿ ತಿರುಗಿಸಿಕೊಂಡಳು. ನಮ್ಮ ಕೋಣೆಯಲ್ಲಿ ಪರೀಕ್ಷೆ ನಡೆಯುವುದೇ ಹಾಗಲ್ಲವೆ?

ಆಮೇಲೆ ಗೋಡೆಯ ಕಡೆಯಿಂದ ಗುಮ್ಮಿಯ ದನಿ ಬಂತು. ಅವಳಾಗಿಯೇ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಓದೋಕೆ ಬರದೇ ಇರೋರಿಗೆ ನೀವು ಏನ್ ಮಾಡ್ತೀರಾ?"

"ಕಾಯ್ತೀನಿ," ಎಂದೆ.

ಆಮೇಲೆ ಹೇಳುತ್ತಲೇ ಹೋದೆ. ಆ ಪುಟ್ಟ ಬೆನ್ನುಗಳನ್ನು ನೋಡುತ್ತಾ, ಜಡೆಗಳನ್ನು, ಹರಿದ ಕಾಲರುಗಳನ್ನು ನೋಡುತ್ತಾ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನಿಲ್ಲಿಸಿದಾಗ ನನಗೇ ಆಶ್ಚರ್ಯವಾಗಿತ್ತು. 'ಆಯ್ತು' ಎಂದೆ. ಎಲ್ಲರೂ ತಿರುಗಿ ಚಪ್ಪಾಳೆ ತಟ್ಟಿದರು. ಸಂದರ್ಶನದ ದಿನದವರೆಗೆ ಊಟದ ಬಿಡುವಿನಲ್ಲಿ ಇದೇ ಆಟ ನಡೆಯಿತು. ಒಂದು ಸಲವೂ ತಡವರಿಸಲಿಲ್ಲ. ಅಕ್ಕನಿಗೆ ಹೇಳಿದಾಗ ಅವಳು ಹುಬ್ಬು ಗಂಟಿಕ್ಕಿದಳು.

"ಅವರು ತಿರುಗಿ ಕೂರಲ್ಲ ಕಣೇ. ಅವರು ನಿನ್ನ ಮಕ್ಕಳಲ್ಲ."

"ಉತ್ತರ ಬಾಯಿಗೆ ಬಂದಿದೆಯಲ್ಲ, ಸಾಕು ಬಿಡು," ಎಂದು ಅವಳ ಬಾಯಿ ಮುಚ್ಚಿಸಿದೆ.

ಸಂದರ್ಶನ ನಡೆದದ್ದು ಮೇಲಿನ ಮಹಡಿಯ ಸಭೆಯ ಕೋಣೆಯಲ್ಲಿ. ಹೊರಗಿನ ಬೆಂಚಿನಲ್ಲಿ ನನಗಿಂತ ಮೊದಲು ಒಬ್ಬ ಹುಡುಗಿ, ಒಬ್ಬ ಗಡ್ಡದವನು ಕೂತಿದ್ದರು. ಇಬ್ಬರೂ ಬೇಗ ಒಳಗೆ ಹೋಗಿ ಬೇಗ ಹೊರಗೆ ಬಂದರು, ಮುಖ ಸಪ್ಪೆಯಾಗಿತ್ತು. ನನ್ನದೇ ಕೊನೆ. ಜವಾನ ಚಹಾದ ಕಪ್ಪುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದ, ಅವನ ಹಿಂದೆಯೇ ನನ್ನನ್ನೂ ಕರೆದರು.

ಉದ್ದ ಮೇಜು. ನಡುವೆ ಕಾರ್ಯದರ್ಶಿ, ಅವರ ಎಡಕ್ಕೆ ದೊಡ್ಡ ಮೇಡಂ, ಬಲಕ್ಕೆ ಹೊರಗಿನಿಂದ ಕರೆಸಿದ ತಜ್ಞರು. ತಜ್ಞರು ತೆಳ್ಳಗೆ, ಬಹಳ ಅಚ್ಚುಕಟ್ಟು, ಮಾತು ಮೃದು. ನನ್ನ ಹಿಂದೆ ಖಾಲಿ ಗೋಡೆ, ಬಾಗಿಲು ಮೇಜಿನ ಆ ಕಡೆ. ಹೆಸರು ಕೇಳಿದರು, ಹೇಳಿದೆ. ಓದು ಕೇಳಿದರು, ಹೇಳಿದೆ. ಪರವಾಗಿಲ್ಲ, ಬಂಡಿ ಹೊರಟಿತು ಅಂದುಕೊಂಡೆ. ಆಗ ತಜ್ಞರು ಎರಡೂ ಕೈ ಜೋಡಿಸಿ ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿದರು.

"ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ನೀವು ಹೇಗೆ ನೆರವಾಗ್ತೀರಿ? ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ."

ಅದೇ ಪ್ರಶ್ನೆ. ಗುಮ್ಮಿ ಕೇಳಿದ್ದೇ. 'ಕಾಯ್ತೀನಿ' ಎಂಬ ಒಂದು ಪದ ಹೇಳಿದ್ದರೆ ಉಳಿದದ್ದೆಲ್ಲ ತಾನಾಗಿಯೇ ಬರುತ್ತಿತ್ತು. ಬಾಯಿ ತೆರೆದೆ. ಮೂರು ಜೊತೆ ಕಣ್ಣು ನನ್ನ ಬಾಯಿಯ ಮೇಲೆ ಕೂತವು. ಹಣೆ ನೋಡಿದೆ. ಕಾರ್ಯದರ್ಶಿಯ ಹಣೆ ಬೆವರಿ ಹೊಳೆಯುತ್ತಿತ್ತು. ಪದ ಬರಲಿಲ್ಲ. ಫ್ಯಾನು ತಿರುಗುವ ಸದ್ದೊಂದೇ.

"ಹೇಳಿ," ಎಂದರು ದೊಡ್ಡ ಮೇಡಂ, ನಗುತ್ತಾ. "ನೀವು ದಿನಾ ಮಾಡೋದೇ ತಾನೇ?"

"ಹೂಂ ಮೇಡಂ," ಎಂದೆ. ಅಷ್ಟೇ ಬಂತು.

"ಸರಿ, ಸುಲಭ ಮಾಡೋಣ," ಎಂದರು ತಜ್ಞರು. "ಒಂದು ಮಗು ಇದೆ. ಏನು ಕೇಳಿದ್ರೂ ಬಾಯೇ ಬಿಡಲ್ಲ. ಸುಮ್ಮನೆ ಕೂತಿರುತ್ತೆ. ನೀವೇನು ಮಾಡ್ತೀರಿ?"

ನಾನು ಸುಮ್ಮನೆ ಕೂತಿದ್ದೆ.

ಅಯ್ಯೋ, ಆ ಹೊತ್ತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೆಣಸಿನಕಾಯಿ ಮಿಸ್ಸಂತೆ! ಮೆಟ್ಟಿಲ ಕೆಳಗೆ ಮಕ್ಕಳು ಕಿವಿ ನಿಮಿರಿಸಿಕೊಂಡು ಕೂತಿದ್ದಾರೆ, ಇಲ್ಲಿ ನಾನು ಅವರ ಅನ್ನಕ್ಕೇ ಮಣ್ಣು ಹಾಕುತ್ತಿದ್ದೇನೆ ಎನ್ನಿಸಿತು. ಕಾರ್ಯದರ್ಶಿ ಗಡಿಯಾರ ನೋಡಿದರು. ತಜ್ಞರು ಪೆನ್ನು ಕೈಗೆತ್ತಿಕೊಂಡರು. ಇನ್ನು ಒಂದು ಉಸಿರಿನಲ್ಲಿ ಎಲ್ಲ ಮುಗಿದುಹೋಗುತ್ತದೆ ಎಂದು ಗೊತ್ತಾದಾಗ ಯಾವ ಧೈರ್ಯದಿಂದಲೋ ಕೇಳಿಬಿಟ್ಟೆ.

"ಸರ್, ನಾನು ಸ್ವಲ್ಪ ಆ ಕಡೆ ತಿರುಗಿ ಕೂತ್ಕೊಳ್ಳಲಾ?"

"ಏನು?" ಎಂದರು ಕಾರ್ಯದರ್ಶಿ.

"ಗೋಡೆ ಕಡೆ. ತಿರುಗಿ ಕೂತ್ರೆ ಹೇಳ್ತೀನಿ ಸರ್. ಎಲ್ಲಾ ಗೊತ್ತಿದೆ ನನಗೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಜ್ಞರು ಮೆಲ್ಲಗೆ ನಕ್ಕು, "ಕೂತ್ಕೊಳ್ಳಿ ಕೂತ್ಕೊಳ್ಳಿ, ನಿಮಗೆ ಹೇಗೆ ಅನುಕೂಲವೋ ಹಾಗೆ. ನಿಧಾನವಾಗಿ ಹೇಳಿ, ಅವಸರ ಇಲ್ಲ," ಎಂದರು.

ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ನಿಜವಾಗಿ ಅನ್ನಿಸಿತು.

ಕುರ್ಚಿ ಎತ್ತಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತೆ. ಮೊದಲು ಉಸಿರು ಬಂತು. ಆಮೇಲೆ ಮಾತು ಬಂತು.

"ಕಾಯ್ತೀನಿ ಸರ್," ಎಂದು ಶುರು ಮಾಡಿದೆ. "ಮಾತಾಡದ ಮಗುನ ಮಾತಾಡು ಅಂತ ಹಿಂಡಿದ್ರೆ ಅದು ಇನ್ನೂ ಒಳಗೆ ಹೋಗುತ್ತೆ. ನಮ್ಮಲ್ಲಿ ಒಬ್ಬಳು ಇದಾಳೆ. ಅವಳಿಗೆ ಓದೋಕೆ ಬರಲ್ಲ ಅಂತ ಎಲ್ಲರೂ ಬರೆದಾಗಿತ್ತು. ಅವಳಿಗೆ ಓದೋಕೆ ಬರ್ತಿತ್ತು ಸರ್, ನೋಡಿಸ್ಕೊಳ್ಳೋಕೆ ಬರ್ತಿರಲಿಲ್ಲ."

ಬೋರ್ಡಿನ ಮುಂದೆ ನಿಂತ ದಿನ ಹೇಳಿದೆ. ಗೋಡೆಯ ಕಾನೂನು ಹೇಳಿದೆ. ಬಾಯಿಬಡುಕಿಗೆ ಕೂಡಿಸುವುದು ಬಂದದ್ದು ಹೇಗೆ ಎಂದು ಹೇಳಿದೆ: ಗಂಟೆ ಹೊಡೆದಾಗ ತಲೆಯ ಮೇಲೆ ಇಳಿಯುವ ಕಾಲುಗಳನ್ನು ಎಣಿಸು ಎಂದು ಬಿಟ್ಟೆ, ಒಬ್ಬೊಬ್ಬರಿಗೆ ಎರಡೆರಡು ಕಾಲು, ಅವಳಿಗೆ ಅದು ಲೆಕ್ಕ ಎಂದೇ ಗೊತ್ತಾಗಲಿಲ್ಲ. ನನ್ನ ಹಿಂದೆ ಕುರ್ಚಿಯೊಂದು ಸರಿದ ಸದ್ದಾಯಿತು. ಯಾರೋ ಹತ್ತಿರಕ್ಕೆ ಎಳೆದುಕೊಂಡರು ಅಂದುಕೊಂಡೆ, ಎದೆ ಹಿಗ್ಗಿತು. ಬಾಗಿಲು ಸಣ್ಣಗೆ ಕಿರ್ರೆಂದಿತು. ಗಾಳಿ. ಫ್ಯಾನಿನ ಸದ್ದು ನಿಂತಿತು. ನನ್ನ ಮಾತು ಚೆನ್ನಾಗಿ ಕೇಳಲಿ ಅಂತ ಯಾರೋ ಆರಿಸಿದರು ಎಂದುಕೊಂಡೆ, ಕಣ್ಣಲ್ಲಿ ನೀರೇ ಬಂತು. ಅಷ್ಟು ಗೌರವ ಯಾರೂ ನನಗೆ ಕೊಟ್ಟಿರಲಿಲ್ಲ.

ಮತ್ತಷ್ಟು ಹೇಳಿದೆ. ಪ್ರಗತಿ ಅಳೆಯೋದು ಹೇಗೆ ಅಂತ ನೀವು ಕೇಳಬಹುದು ಸರ್, ನಾನು ಅವರು ಎಲ್ಲಿ ಕೂರ್ತಾರೆ ಅಂತ ನೋಡ್ತೀನಿ, ಬಾಗಿಲ ಹತ್ತಿರ ಕೂರೋ ಮಗು ಒಂದು ದಿನ ತಾನೇ ಎದ್ದು ಕಿಟಕಿ ಹತ್ತಿರ ಬಂದು ಕೂತರೆ ಅದು ಪಾಸಾದ ಹಾಗೆ, ಎಂದೆ. ಮನೆಯವರು ಸಹಕರಿಸದಿದ್ದರೆ ಏನು ಮಾಡುತ್ತೀರಿ ಎಂಬುದು ಅಕ್ಕನ ಫೋನಿನಲ್ಲಿದ್ದ ಪ್ರಶ್ನೆ, ಅದಕ್ಕೂ ಹೇಳಿದೆ. ಎರಡು ಕಡೆ ದುಡಿದು ಬಂದು ಕುಸಿದು ಕೂರುವ ಅಮ್ಮನಿಗೆ ನೀನು ಪಾಠ ಹೇಳಿಕೊಡು ಅನ್ನುವುದು ಪಾಪ, ಮಗು ಓದುವಾಗ ಆಕೆ ಪಕ್ಕದಲ್ಲಿ ಮಲಗಿದ್ದರೂ ಸಾಕು, ನಿದ್ದೆ ಮಾಡುವವರು ನೋಡುವುದಿಲ್ಲ, ಮಗುವಿಗೆ ಹೆದರಿಕೆಯಾಗುವುದಿಲ್ಲ, ಎಂದೆ. ಹಿಂದೆ ಕಪ್ಪು ಬಸಿ ಮೆಲ್ಲಗೆ ಟಣ್ ಎಂದವು. ಚಹಾ ಕುಡಿಯುತ್ತಾ ಕೇಳುತ್ತಿದ್ದಾರೆ, ಒಳ್ಳೆಯದೇ ಆಯಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ನನಗೆ ಅದು ಗೊತ್ತಾಗುತ್ತಿತ್ತು.

"ಆ ಕೋಣೆ ಮಾತ್ರ ಮುಚ್ಚಬೇಡಿ ಸರ್," ಎಂದೆ ಕೊನೆಗೆ. "ಬೇಕಾದ್ರೆ ನನ್ನನ್ನ ತೆಗೀರಿ, ಅಲ್ಲಿಗೆ ಬೇರೆ ಯಾರನ್ನಾದ್ರೂ ಹಾಕಿ. ಆದ್ರೆ ಅವಳು ಪಾಠ ಮುಗಿಸೋವರೆಗೂ ಯಾರಾದ್ರೂ ಗೋಡೆ ನೋಡ್ತಾ ನಿಂತಿರಬೇಕು. ಅಷ್ಟೇ ಸರ್. ಆಯ್ತು."

ಯಾರೂ ಏನೂ ಅನ್ನಲಿಲ್ಲ. ಅವರಿಗೂ ಮಾತು ಬರುತ್ತಿಲ್ಲ ಅಂದುಕೊಂಡೆ. ಮುಖ ಒರೆಸಿಕೊಂಡು, ಎದ್ದು ತಿರುಗಿದೆ.

ಮೂರು ಕುರ್ಚಿ. ಒಂದರಲ್ಲೂ ಯಾರೂ ಇರಲಿಲ್ಲ. ಜವಾನ ಕಪ್ಪುಗಳನ್ನು ತಟ್ಟೆಗೆ ಜೋಡಿಸಿಟ್ಟು, ಪೊರಕೆ ಹಿಡಿದು ಮೇಜಿನ ಪಕ್ಕ ನಿಂತಿದ್ದ.

"ಅವರೆಲ್ಲಿ?" ಎಂದೆ.

"ಊಟಕ್ಕೆ ಹೋದ್ರಲ್ಲ ಮೇಡಂ. ನಿಮಗೆ ತೊಂದರೆ ಕೊಡಬೇಡ, ಮುಗಿದ್ಮೇಲೆ ತಾವೇ ಹೋಗ್ತಾರೆ ಅಂದ್ರು."

"ಯಾವಾಗ?"

ಅವನು ತಲೆ ಕೆರೆದುಕೊಂಡ. "ನೀವು ಕಾಲು ಎಣಿಸೋದು ಅಂತ ಏನೋ ಹೇಳ್ತಿದ್ರಲ್ಲ, ಆವಾಗಲೇ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಮೇಡಂ, ಇಲ್ಲೊಂದು ಗುಡಿಸಬೇಕು."

ಆ ಕಡೆ ನಿಂತುಕೊಂಡೆ. ಬಯ್ಯಬೇಕು ಅನ್ನಿಸಲಿಲ್ಲ. ಯಾರನ್ನು ಬಯ್ಯುವುದು? ನೊಣ ಕೂಡ ತಪ್ಪಿಸಿಕೊಳ್ಳಲಾರದ ನನ್ನ ಕಿವಿಯ ಮುಂದೆಯೇ ಮೂರು ಜನ ಕುರ್ಚಿ ಸರಿಸಿ, ಬಾಗಿಲು ತೆಗೆದು, ಫ್ಯಾನು ಆರಿಸಿ ಎದ್ದುಹೋಗಿದ್ದರು. ನಾನು ಆ ಸದ್ದುಗಳಿಗೆಲ್ಲ ನನಗೆ ಬೇಕಾದ ಅರ್ಥ ಹಚ್ಚಿಕೊಂಡು ಹಿಗ್ಗುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ದೊಡ್ಡ ಮೇಡಂ ಸಂಜೆ ನನ್ನನ್ನು ನೋಡಿಯೂ ನೋಡದ ಹಾಗೆ ಹೊರಟಿದ್ದರು. ಗೇಟಿನ ಹತ್ತಿರ ಅಡ್ಡಗಟ್ಟಿದೆ.

"ನೀವೂ ಎದ್ದುಹೋದ್ರಾ ಮೇಡಂ?"

ಅವರ ಮುಖ ಕೆಂಪಾಯಿತು. "ಕಾರ್ಯದರ್ಶಿಗಳು ಎದ್ದ ಮೇಲೆ ನಾನೊಬ್ಬಳೇ ಕೂತಿರೋಕಾಗುತ್ತಾ? ನೀವೂ ಸ್ವಲ್ಪ ಯೋಚನೆ ಮಾಡಬೇಕಿತ್ತು. ಅಷ್ಟು ದೊಡ್ಡವರ ಮುಂದೆ ಗೋಡೆಗೆ ತಿರುಗಿ ಕೂರೋದು ಅಂದ್ರೆ? ತಲೆ ಸರಿ ಇಲ್ವೇನೋ ಅಂದುಕೊಂಡ್ರು." ಸ್ವಲ್ಪ ದೂರ ಹೋಗಿ ತಿರುಗಿ ಬಂದರು. "ಅರ್ಹರು ಯಾರೂ ಸಿಗಲಿಲ್ಲ ಅಂತ ಬರೆದಿದಾರೆ. ಶನಿವಾರಕ್ಕೆ ಕೋಣೆ ಖಾಲಿ ಮಾಡಬೇಕಂತೆ. ನನ್ನ ಕೈಲಿ ಏನಿದೆ ಹೇಳಿ?"

ಏನೂ ಇರಲಿಲ್ಲ. ಅದು ನಿಜವೇ.

ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ದಾರಿ ಬಿಟ್ಟಳು. ನಾನು ಹಾಸಿಗೆಯ ಮೇಲೆ ಗೋಡೆಗೆ ತಿರುಗಿ ಮಲಗಿದೆ. ಅವಳು ಬಂದು ಬೆನ್ನ ಮೇಲೆ ಕೈಯಿಟ್ಟಳು. "ಹಾಳಾಗಿ ಹೋಗ್ಲಿ ಬಿಡೇ," ಎಂದಳು. ಆಮೇಲೆ ಅವಳೇ ಅತ್ತಳು, ಅಂಗಡಿಯ ನಗು ಒಂದು ಚೂರೂ ಉಳಿಯದ ಹಾಗೆ ಅತ್ತಳು.

ಶನಿವಾರ ಬೆಳಿಗ್ಗೆ ನಮ್ಮ ಕೋಣೆಯ ಹೊರಗೆ ಜೆರಾಕ್ಸ್ ಮೆಷಿನ್ನಿನ ದೊಡ್ಡ ಪೆಟ್ಟಿಗೆ ಬಂದು ಕೂತಿತ್ತು. ಮಕ್ಕಳು ಅದನ್ನು ಬಳಸಿಕೊಂಡು ಒಳಗೆ ಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು, ಶಾಲೆಯಲ್ಲಿ ಯಾವ ಗುಟ್ಟು ನಿಲ್ಲುತ್ತದೆ? ಬಾಯಿಬಡುಕಿ ಮೆಲ್ಲಗೆ ಕೇಳಿದಳು.

"ನೀವು ಹೇಳಿದ್ರಾ ಮಿಸ್? ನಮಗೆ ಹೇಳಿದ ಹಾಗೇ?"

"ಹೇಳಿದೆ. ಅದಕ್ಕಿಂತ ಚೆನ್ನಾಗಿ ಹೇಳಿದೆ."

"ಅವರು ಕೇಳಿಸ್ಕೊಂಡ್ರಾ?"

ಸುಳ್ಳು ಹೇಳಬೇಕು ಎಂದುಕೊಂಡೆ, ಆಗಲಿಲ್ಲ. ನಿಜ ಹೇಳಲೂ ಆಗಲಿಲ್ಲ. ಪುಸ್ತಕ ತೆಗೀರಿ ಎಂದೆ.

ಗುಮ್ಮಿ ಎದ್ದು ನಿಂತಳು. ಅವಳು ಓದುತ್ತಿದ್ದ ಪಾಠದಲ್ಲಿ ಕೊನೆಯ ಪುಟ ಉಳಿದಿತ್ತು. ನಿನ್ನೆಯೇ ಮುಗಿಸಬಹುದಿತ್ತು, ಇವತ್ತಿಗೆ ಅಂತ ಉಳಿಸಿಕೊಂಡಿದ್ದಳು. ಪೂರ್ತಿ ಪಾಠ ಒಂದನ್ನು ಅವಳು ಹಿಂದೆಂದೂ ಮುಗಿಸಿರಲಿಲ್ಲ. "ಮಿಸ್, ತಿರುಗಿ," ಎಂದಳು.

ಮಕ್ಕಳೆಲ್ಲ ತಿರುಗಿ ಕೂತರು. ನಾನೂ ಗೋಡೆಗೆ ಮುಖ ಮಾಡಿ ನಿಂತೆ. ಅವಳು ಓದತೊಡಗಿದಳು. ದನಿ ಮೊದಲಿನ ಹಾಗೆ ಸಣ್ಣದಾಗಿರಲಿಲ್ಲ. ಒಂದು ಸಾಲು, ಇನ್ನೊಂದು ಸಾಲು, ಹೆಚ್ಚು ಕಡಿಮೆ ಎಲ್ಲೂ ಎಡವದೆ ಕೆಳಗಿನ ತನಕ ಬಂದಳು. ಆಮೇಲೆ ನಿಂತಳು. ದೊಡ್ಡ ಪದ ಬಂದರೆ ಅವಳು ಯಾವಾಗಲೂ ನಿಲ್ಲುತ್ತಾಳೆ. ಒಳಗೇ ಹೇಳಿ ನೋಡಿಕೊಂಡು ಆಮೇಲೆ ಹೊರಗೆ ಬಿಡುತ್ತಾಳೆ. ನಾನು ಕಾಯಬೇಕಿತ್ತು, ಅಷ್ಟೇ. ನನಗೆ ಗೊತ್ತಿದ್ದದ್ದು ಆ ಒಂದೇ ವಿದ್ಯೆ.

ಕೋಣೆಯಲ್ಲಿ ಸದ್ದೇ ಇರಲಿಲ್ಲ. ಆಮೇಲೆ ನನ್ನ ಹಿಂದೆ ಬೆಂಚು ಸರಿದ ಸದ್ದಾಯಿತು.

ಮೂರು ಖಾಲಿ ಕುರ್ಚಿ ಕಣ್ಣ ಮುಂದೆ ಬಂದವು. ಕಾಲು ತಾನಾಗಿ ತಿರುಗಿತು, ನಾನು ತಿರುಗಿಬಿಟ್ಟೆ.

ಎಲ್ಲರೂ ಇದ್ದರು. ಬಾಯಿಬಡುಕಿ ಕೂಡ ಗೋಡೆ ನೋಡುತ್ತಾ ನೆಟ್ಟಗೆ ಕೂತಿದ್ದಳು. ಕಿಟಕಿಯ ಬೆಳಕು ಸಾಲದೆ ಗುಮ್ಮಿ ಬೆಂಚನ್ನು ಒಂದಿಷ್ಟು ಪಕ್ಕಕ್ಕೆ ನೂಕಿ, ಪುಸ್ತಕ ಎತ್ತಿ ಹಿಡಿದಿದ್ದಳು. ಬೆರಳು ಕೊನೆಯ ಸಾಲಿನ ಮೇಲಿತ್ತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು.

"ನಾನಿನ್ನೂ ಆಯ್ತು ಅಂದಿಲ್ಲ ಮಿಸ್."

"ಗೊತ್ತಮ್ಮ. ತಪ್ಪಾಯ್ತು. ನೋಡು, ತಿರುಗಿದೆ. ಓದು, ನನ್ನ ಬಂಗಾರಿ, ಒಂದೇ ಸಾಲು, ಓದು," ಎಂದು ಅವಸರ ಅವಸರವಾಗಿ ಗೋಡೆಗೆ ಮುಖ ಮಾಡಿ ನಿಂತೆ.

ಕಾದೆ. ಗಂಟೆ ಹೊಡೆಯಿತು. ಇಡೀ ಶಾಲೆ ನಮ್ಮ ತಲೆಯ ಮೇಲೆ ಧಡಧಡ ಇಳಿದುಹೋಯಿತು, ಸುಣ್ಣದ ಪುಡಿ ಉದುರಿತು. ಆ ಗದ್ದಲ ಮುಗಿದ ಮೇಲೂ ಕಾದೆ, ಕೊನೆಯ ಸಾಲು ಬರಲಿಲ್ಲ. ಆಮೇಲೆ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಈ ಸಲ ನನ್ನ ಕಿವಿ ತಪ್ಪಲಿಲ್ಲ.